ಗ್ರಾಹಕರ ಜಾಲತಾಣಕ್ಕೆ ಸಿಎಂಎಸ್ ಆರಿಸುವ ಮೊದಲು ಅವರ ಗುಮಾಸ್ತರನ್ನು ಭೇಟಿಯಾಗಿ

ಹೊಸ ಗ್ರಾಹಕರ ಅಂಗಡಿಗೆ ಹೋದಾಗ ಬಣ್ಣ, ಲೋಗೊ, ಬಜೆಟ್ ಇವುಗಳ ಮಾತನ್ನು ನಾನು ಮೊದಲಿಗೆ ಎತ್ತುವುದಿಲ್ಲ. “ಸೈಟ್ ಸಿದ್ಧವಾದ ಮೇಲೆ ಅದರಲ್ಲಿ ದಿನವೂ ಬರೆಯುವವರು ಯಾರು? ಅವರನ್ನು ಒಮ್ಮೆ ಭೇಟಿ ಮಾಡಿಸಿ” ಎಂದು ಕೇಳುತ್ತೇನೆ. “ನಾವೇ ಮಾಡಿಕೊಳ್ಳುತ್ತೇವೆ ಬಿಡಿ” ಎನ್ನುತ್ತಾರೆ ಮಾಲೀಕರು. ಒಂದು ಚಹಾ ಮುಗಿಯುವಷ್ಟರಲ್ಲಿ ನಿಜವಾದ ವ್ಯಕ್ತಿ ಯಾರೆಂದು ತಿಳಿಯುತ್ತದೆ. ಲೆಕ್ಕ ಬರೆಯುವ ಗುಮಾಸ್ತರಿರಬಹುದು, ಕಾಲೇಜಿಗೆ ಹೋಗುವ ಮಗಳಿರಬಹುದು, ಮಧ್ಯಾಹ್ನದವರೆಗೆ ಮಾತ್ರ ಬರುವ ಟೈಪಿಸ್ಟ್ ಇರಬಹುದು. ಯಾವ ಸಿಎಂಎಸ್ (ಕೋಡ್ ಬರೆಯದೆಯೇ ಸೈಟಿನ ಪುಟಗಳನ್ನು ಹಾಕಲು, ತಿದ್ದಲು ನೆರವಾಗುವ ತಂತ್ರಾಂಶ) ಬಳಸಬೇಕು ಎಂಬುದನ್ನು ನಿರ್ಧರಿಸಬೇಕಾದುದು ಈ ವ್ಯಕ್ತಿಯ ಅನುಕೂಲ. ಕಟ್ಟುವವರಿಗೆ ಯಾವ ತಂತ್ರಾಂಶ ಪ್ರಿಯ ಎಂಬುದು ಎರಡನೆಯ ವಿಷಯ.

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಇಬ್ಬರೇ ಸೇರಿ ನಡೆಸುವ ಸಣ್ಣ ಕಚೇರಿ ನಮ್ಮದು. ಅದಕ್ಕೂ ಮುಂಚೆ ನಾನು ಗದಗದ ಮುದ್ರಣಾಲಯವೊಂದರಲ್ಲಿ ಡಿಟಿಪಿ ಕೆಲಸ ಮಾಡುತ್ತಿದ್ದೆ. ಅಕ್ಷರ ಮುರಿದರೆ ಓದುಗ ಪುಟ ತಿರುವುತ್ತಾನೆ ಎಂಬ ಎಚ್ಚರ ಅಲ್ಲಿ ಬಂದದ್ದು, ಇನ್ನೂ ಹೋಗಿಲ್ಲ. ಕನ್ನಡದಲ್ಲಿ ನಡೆಯಬೇಕಾದ ಸೈಟುಗಳ ಬಗ್ಗೆ ಈ ಬರಹದಲ್ಲಿ ಹೆಚ್ಚು ಹೇಳಿರುವುದಕ್ಕೆ ಅದೇ ಕಾರಣ.

ಮೊದಲ ಭೇಟಿಯಲ್ಲಿ ಕೇಳಬೇಕಾದವು

ಪುಟಗಳಲ್ಲಿ ಏನು ಬದಲಾಗುತ್ತದೆ, ಎಷ್ಟು ದಿನಕ್ಕೊಮ್ಮೆ? ಬದಲಿಸುವವರ ಕೈಯಲ್ಲಿರುವುದು ಕಂಪ್ಯೂಟರೋ ಮೊಬೈಲೋ? ಯಾವ ಭಾಷೆಯಲ್ಲಿ, ಯಾವ ಕೀಲಿಮಣೆಯಲ್ಲಿ ಟೈಪ್ ಮಾಡುತ್ತಾರೆ? ವರ್ಷವರ್ಷವೂ ನಿರ್ವಹಣೆಗೆ ಹಣ ಕೊಡುವ ಮನಸ್ಸು ಅವರಿಗಿದೆಯೇ? ನಾಳೆ ನೀವು ಊರು ಬಿಟ್ಟರೆ ಅದೇ ಕೆಲಸ ಗೊತ್ತಿರುವ ಇನ್ನೊಬ್ಬರು ಹುಬ್ಬಳ್ಳಿಯಲ್ಲೋ ಹಾವೇರಿಯಲ್ಲೋ ಸಿಗುತ್ತಾರೆಯೇ? ಕೊನೆಯ ಪ್ರಶ್ನೆಯನ್ನು ಗ್ರಾಹಕರು ಕೇಳುವುದಿಲ್ಲ, ಅವರ ಪರವಾಗಿ ನೀವೇ ಕೇಳಿಕೊಳ್ಳಬೇಕು.

ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅವು ಹೇಗೆ ಬೇರೆ ಬೇರೆ ಕಡೆಗೆ ಕರೆದೊಯ್ಯುತ್ತವೆ ಎಂಬುದಕ್ಕೆ ನಮ್ಮ ಸುತ್ತಲಿನ ಕೆಲಸಗಳನ್ನೇ ನೋಡೋಣ.

ಗದಗದ ಒಂದು ಮುದ್ರಣಾಲಯಕ್ಕೆ ಬೇಕಾದುದು ಐದು ಪುಟ: ಪರಿಚಯ, ಯಂತ್ರಗಳು, ಮಾಡಿದ ಕೆಲಸಗಳ ಚಿತ್ರ, ವಿಳಾಸ, ಸಂಪರ್ಕ. ವರ್ಷಕ್ಕೆ ಒಂದೆರಡು ಸಲ ಏನೋ ಬದಲಾಗುತ್ತದೆ. ಇಂಥವರಿಗೆ ಡೇಟಾಬೇಸ್ ಇರುವ ಯಾವ ಸಿಎಂಎಸ್ ಕೊಟ್ಟರೂ ಅನವಶ್ಯಕ ಭಾರ. ಅಪ್‌ಡೇಟ್ ಮಾಡುವವರಿಲ್ಲದೆ ಅದು ಹಳತಾಗುತ್ತದೆ, ಹಳತಾದದ್ದನ್ನು ಹುಡುಕಿಕೊಂಡು ಬರುವ ಬಾಟ್‌ಗಳು ಒಳಗೆ ನುಗ್ಗುತ್ತವೆ. ಹ್ಯೂಗೊದಂಥ ಸ್ಥಿರ ಪುಟಗಳ ತಂತ್ರಾಂಶ ಇಲ್ಲಿ ಸರಿ. ಅದು ನಿಮ್ಮ ಕಂಪ್ಯೂಟರಿನಲ್ಲೇ ಪುಟಗಳನ್ನು ಸಿದ್ಧಪಡಿಸಿ ಬರಿಯ ಎಚ್‌ಟಿಎಂಎಲ್ ಕಡತಗಳನ್ನು ಕೊಡುತ್ತದೆ. ಸರ್ವರಿನಲ್ಲಿ ಪುಟ ಕಟ್ಟುವ ಪಿಎಚ್‌ಪಿ ಭಾಷೆಯೂ ಇಲ್ಲ, ಲಾಗಿನ್ ಪುಟವೂ ಇಲ್ಲ, ಒಡೆಯಲು ಬಾಗಿಲೇ ಇಲ್ಲ. ಮಾಲೀಕರ ಮಗನೇ ತಿದ್ದಬೇಕೆಂದರೆ ಅದರ ಮೇಲೆ ಡೆಕ್ಯಾಪ್ ಸಿಎಂಎಸ್ ಕೂರಿಸಬಹುದು. ಹಿಂದೆ ನೆಟ್ಲಿಫೈ ಸಿಎಂಎಸ್ ಎಂದು ಕರೆಯುತ್ತಿದ್ದುದೇ ಇದು.

ಬ್ಯಾಡಗಿಯ ದಲಾಲಿ ಅಂಗಡಿಯ ಅಗತ್ಯ ಇದಕ್ಕೆ ತದ್ವಿರುದ್ಧ. ವ್ಯಾಪಾರದ ದಿನ ಡಬ್ಬಿ, ಕಡ್ಡಿ, ಗುಂಟೂರು ತಳಿಗಳ ಕನಿಷ್ಠ, ಗರಿಷ್ಠ, ಮಾದರಿ ಬೆಲೆಗಳು ಸಂಜೆಯೊಳಗೆ ಸೈಟಿನಲ್ಲಿ ಬರಬೇಕು. ಹಾಕುವವರು ಗುಮಾಸ್ತರು, ಸಾಧನ ಮೊಬೈಲ್, ಭಾಷೆ ಕನ್ನಡ. ಇಲ್ಲಿ ನಾನು ವರ್ಡ್‌ಪ್ರೆಸ್ ಎಂಬ ಸಿಎಂಎಸ್ ಆರಿಸುತ್ತೇನೆ. ಆದರೆ ಖಾಲಿ ಪುಟ ತೆರೆದುಕೊಟ್ಟು “ಇಲ್ಲಿ ಕೋಷ್ಟಕ ಮಾಡಿ” ಎನ್ನುವುದಿಲ್ಲ. ‘ಧಾರಣೆ’ ಎಂಬ ಪ್ರತ್ಯೇಕ ಬಗೆಯ ಬರಹವನ್ನೇ ಸೃಷ್ಟಿಸಿ, ಅದರಲ್ಲಿ ದಿನಾಂಕ, ತಳಿ, ಆವಕ, ಮೂರು ಬೆಲೆ ಎಂಬ ಖಾನೆಗಳನ್ನು ಇಡುತ್ತೇನೆ. ಗುಮಾಸ್ತರು ಅಂಕಿ ತುಂಬಿ ಒಂದು ಗುಂಡಿ ಒತ್ತಿದರೆ ಸಾಕು, ಕೋಷ್ಟಕ ತಾನಾಗಿ ಮೂಡುತ್ತದೆ. ಅಂಕಿಗಳು ಖಾನೆಗಳಲ್ಲಿ ಕುಳಿತಿರುವುದರಿಂದ ಕಳೆದ ವರ್ಷದ ಇದೇ ತಿಂಗಳ ಬೆಲೆಯನ್ನು ಪಕ್ಕದಲ್ಲಿಟ್ಟು ತೋರಿಸಲೂ ಬರುತ್ತದೆ. ಬೆಲೆಗಳನ್ನು ಬರಹದ ನಡುವೆ ಟೈಪ್ ಮಾಡಿಸಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ಯಾವುದೇ ಸಿಎಂಎಸ್ ಪರಿಶೀಲಿಸುವಾಗ ಈ ಗುಣವನ್ನು ಮೊದಲು ನೋಡಿ: ವಿಷಯವನ್ನು ಖಾನೆಗಳಾಗಿ ಒಡೆಯಲು ಬಿಡುತ್ತದೆಯೇ?

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳು ಸಾಲುಸಾಲಾಗಿ ಇವೆ. ಅಲ್ಲಿ ಬರೆಯುವವರು ಮೂರು ನಾಲ್ಕು ಜನ. ಒಬ್ಬರು ಪ್ರಕಟಣೆ ಹಾಕಿದರೆ ಇನ್ನೊಬ್ಬರು ಪ್ರಚಲಿತ ವಿದ್ಯಮಾನ ಬರೆಯುತ್ತಾರೆ. ಫಲಿತಾಂಶದ ದಿನ ಇಡೀ ಜಿಲ್ಲೆಯ ಹುಡುಗರು ಒಟ್ಟಿಗೆ ಸೈಟಿಗೆ ಬರುತ್ತಾರೆ. ಆದ್ದರಿಂದ ಇಲ್ಲಿ ನೋಡಬೇಕಾದುದು ಎರಡು ವಿಷಯ. ಒಬ್ಬೊಬ್ಬರಿಗೆ ಬೇರೆ ಬೇರೆ ಅಧಿಕಾರ ಕೊಡಲು ಬರಬೇಕು, ಪುಟಗಳನ್ನು ಕ್ಯಾಶ್ ಎಂಬ ತಾತ್ಕಾಲಿಕ ಸಂಗ್ರಹದಲ್ಲಿ ಸಿದ್ಧವಾಗಿಟ್ಟು ಡೇಟಾಬೇಸನ್ನು ಮುಟ್ಟದೆ ಬಡಿಸಲು ಬರಬೇಕು. ಮೊದಲನೆಯದು ವರ್ಡ್‌ಪ್ರೆಸ್‌ನಲ್ಲೇ ಇದೆ, ಎರಡನೆಯದಕ್ಕೆ ಪ್ಲಗಿನ್, ಅಂದರೆ ಹೆಚ್ಚುವರಿ ಸೌಲಭ್ಯದ ಜೋಡಣೆ, ಹಾಕಬೇಕು. ಕೇಂದ್ರದ ಯಾರಿಗೂ ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ದಿನನಿತ್ಯದ ಕೆಲಸ ಮಾಡಲು ಬಿಡಬೇಡಿ. ಎಡಿಟರ್ ಅಧಿಕಾರ ಸಾಕು, ಅದರಲ್ಲಿ ಪ್ಲಗಿನ್ ಅಳಿಸುವ ಗುಂಡಿಯೇ ಕಾಣಿಸುವುದಿಲ್ಲ.

ರಾಣೆಬೆನ್ನೂರಿನ ಬಿತ್ತನೆ ಬೀಜದ ಕಂಪನಿಗಳ ಲೆಕ್ಕವೇ ಬೇರೆ. ನೂರಾರು ತಳಿ, ತಳಿಗೊಂದು ಹಂಗಾಮು, ಜಿಲ್ಲೆಗೊಬ್ಬ ವಿತರಕ, ಕನ್ನಡದ ಜೊತೆಗೆ ತೆಲುಗು ಮತ್ತು ಮರಾಠಿ. ಒಂದಕ್ಕೊಂದು ಹೆಣೆದುಕೊಂಡ ಇಷ್ಟು ಮಾಹಿತಿಗೆ ಡ್ರುಪಲ್ ಎಂಬ ಸಿಎಂಎಸ್ ನಿಜವಾಗಿಯೂ ಹೊಂದುತ್ತದೆ. ಬಹುಭಾಷೆಯ ಸೌಲಭ್ಯ ಅದರ ಮೂಲದಲ್ಲೇ ಇದೆ. ಆದರೆ ಅದನ್ನು ಬಲ್ಲವರು ನಮ್ಮ ಕಡೆ ಕಡಿಮೆ, ಸಂಬಳವೂ ಹೆಚ್ಚು. ಕಂಪನಿಗೆ ಅದನ್ನು ಮೊದಲೇ ಹೇಳಿ, ಒಪ್ಪಿದರಷ್ಟೇ ಕೈಹಾಕಿ.

ಜೂಮ್ಲಾ ಎಂಬ ಇನ್ನೊಂದು ಸಿಎಂಎಸ್‌ನಲ್ಲೂ ಬಹುಭಾಷೆ ಮೂಲದಲ್ಲೇ ಇದೆ, 2011ರ 1.6ನೇ ಆವೃತ್ತಿಯಿಂದಲೂ. ಈಗಾಗಲೇ ಜೂಮ್ಲಾದಲ್ಲಿ ನೆಮ್ಮದಿಯಾಗಿ ನಡೆಯುತ್ತಿರುವ ಸೈಟನ್ನು ಕಿತ್ತುಹಾಕುವ ಅಗತ್ಯವಿಲ್ಲ. ಹೊಸದಾಗಿ ನಾನು ಆರಂಭಿಸುವುದಿಲ್ಲ. ಗೋಸ್ಟ್ ಚೆನ್ನಾಗಿದೆ, ಆದರೆ ಪತ್ರಿಕೆಯಂತೆ ಬರೆಯುವವರಿಗೆ ಮಾತ್ರ.

ಮಾರಾಟ ಇದ್ದರೆ

ನವಲಗುಂದದ ಜಮಖಾನ ಮಾರುವವರನ್ನು ಗಮನದಲ್ಲಿಟ್ಟುಕೊಳ್ಳಿ. ಕೈಮಗ್ಗದ ಒಂದು ಜಮಖಾನದಂತೆ ಇನ್ನೊಂದು ಇರುವುದಿಲ್ಲ. ಪ್ರತಿಯೊಂದೂ ಹೊಸ ಉತ್ಪನ್ನ, ದಾಸ್ತಾನು ಒಂದೇ, ಮಾರಿದ ಕೂಡಲೇ ಮರೆಯಾಗಬೇಕು. ಹಾಗಾಗಿ ಫೋಟೊ ತೆಗೆದು ಬೆಲೆ ಹಾಕಿ ಪ್ರಕಟಿಸುವ ಕೆಲಸ ಎಷ್ಟು ಬೇಗ ಮುಗಿಯುತ್ತದೆ ಎಂಬುದೇ ಮುಖ್ಯ ಅಳತೆ. ಶಾಪಿಫೈ ಎಂಬ ಆನ್‌ಲೈನ್ ಅಂಗಡಿ ಸೇವೆಯಲ್ಲಿ ಇದು ಬಹಳ ಸುಲಭ, ಭದ್ರತೆಯ ಚಿಂತೆಯೂ ಅವರದೇ. ಆದರೆ ತಿಂಗಳು ತಿಂಗಳು ಬಾಡಿಗೆ ಇದೆ. ಅವರದೇ ಪಾವತಿ ವ್ಯವಸ್ಥೆ ಭಾರತದಲ್ಲಿ ಇಲ್ಲದಿರುವುದರಿಂದ ಹೊರಗಿನ ಪೇಮೆಂಟ್ ಗೇಟ್‌ವೇ ಜೋಡಿಸಬೇಕು, ಅದಕ್ಕೆ ಯೋಜನೆಗೆ ತಕ್ಕಂತೆ ಹೆಚ್ಚುವರಿ ವಹಿವಾಟು ಶುಲ್ಕ ಬೀಳುತ್ತದೆ. ವರ್ಡ್‌ಪ್ರೆಸ್‌ನ ಮಾರಾಟದ ಪ್ಲಗಿನ್ ಆದ ವೂಕಾಮರ್ಸ್‌ನಲ್ಲಿ ಬಾಡಿಗೆ ಇಲ್ಲ, ಬದಲಿಗೆ ಕಾವಲು ಕೆಲಸ ನಿಮ್ಮದು. ತಿಂಗಳಿಗೆ ಎಂಟು ಹತ್ತು ಜಮಖಾನ ಮಾರುವವರಿಗೆ ಬಾಡಿಗೆ ಭಾರ. ದಿನವೂ ಮಾರಾಟ ಇರುವವರಿಗೆ ಬಾಡಿಗೆ ಕೊಟ್ಟು ನಿದ್ದೆ ಮಾಡುವುದೇ ಲಾಭ. ಎರಡರಲ್ಲಿ ಯಾವುದೇ ಆದರೂ 2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿಯ ಹೆಸರು ಮತ್ತು ಸಂಪರ್ಕ ಸೈಟಿನಲ್ಲಿ ಇರಬೇಕು. ಅದಕ್ಕೊಂದು ಪುಟ ಮೊದಲೇ ಮಾಡಿಡಿ.

ಕನ್ನಡದ ಪರೀಕ್ಷೆ

ಥೀಮ್ (ಸೈಟಿನ ಸಿದ್ಧ ವಿನ್ಯಾಸ) ತೋರಿಸುವ ಮಾದರಿ ಪುಟಗಳೆಲ್ಲ ಇಂಗ್ಲಿಷಿನಲ್ಲಿ ಇರುತ್ತವೆ. ಅವನ್ನು ನೋಡಿ ಮರುಳಾಗಬೇಡಿ. ಗ್ರಾಹಕರಿಗೆ ತೋರಿಸುವ ಮುನ್ನ ಸಿಎಂಎಸ್ ಮತ್ತು ಥೀಮ್ ಎರಡನ್ನೂ ಕನ್ನಡದಲ್ಲಿ ಉಜ್ಜಿ ನೋಡಿ.

ಶೀರ್ಷಿಕೆಯಲ್ಲಿ ‘ಸ್ವಾತಂತ್ರ್ಯ’, ‘ರಾಷ್ಟ್ರೀಯ’ ಎಂದು ಬರೆಯಿರಿ. ಎರಡೆರಡು ಒತ್ತಕ್ಷರ ಕೆಳಗಿಳಿಯುವ ಇಂಥ ಪದಗಳು ಎರಡು ಸಾಲಾಗಿ ಬಂದಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಇಂಗ್ಲಿಷಿಗಾಗಿ ಮಾಡಿದ ಥೀಮ್‌ಗಳಲ್ಲಿ ಶೀರ್ಷಿಕೆಯ ಸಾಲಿನ ಎತ್ತರ ಅಕ್ಷರದ 1.2 ಪಟ್ಟು ಇರುವುದು ಸಾಮಾನ್ಯ. ಕನ್ನಡಕ್ಕೆ ನಾನು ಶೀರ್ಷಿಕೆಯಲ್ಲಿ 1.5, ಬರಹದಲ್ಲಿ 1.7ರಿಂದ 1.8 ಇಡುತ್ತೇನೆ. ಅಕ್ಷರಗಳ ನಡುವಿನ ಅಂತರ ಹಿಗ್ಗಿಸುವ ಸೂಚನೆ ಥೀಮಿನಲ್ಲಿದ್ದರೆ ತೆಗೆದುಹಾಕಿ. ಫಾಂಟಿನಲ್ಲಿ ದಪ್ಪ ಅಕ್ಷರದ ಆವೃತ್ತಿ ಇದೆಯೇ ನೋಡಿ. ಇಲ್ಲದಿದ್ದರೆ ಬ್ರೌಸರ್ ತಾನೇ ಮಸಿ ಬಳಿದಂತೆ ದಪ್ಪ ಮಾಡುತ್ತದೆ, ‘ಘ’ ಮತ್ತು ‘ಛ’ದ ಒಳಗಿನ ಜಾಗ ಮುಚ್ಚಿಹೋಗುತ್ತದೆ. ನೋಟೊ ಸ್ಯಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ ಎರಡರಲ್ಲೂ ಹಲವು ದಪ್ಪಗಳಿವೆ, ಉಚಿತವೂ ಹೌದು. ಶೀರ್ಷಿಕೆಗೆ ಬಾಲೂ ತಮ್ಮ ಒಪ್ಪುತ್ತದೆ.

ನಂತರ ವಿಳಾಸದ ಪರೀಕ್ಷೆ. ವರ್ಡ್‌ಪ್ರೆಸ್ ಶೀರ್ಷಿಕೆಯಿಂದಲೇ ಪುಟದ ವಿಳಾಸ ತಯಾರಿಸುತ್ತದೆ. ಕನ್ನಡದ ಒಂದೊಂದು ಯೂನಿಕೋಡ್ ಘಟಕವೂ (ಅಕ್ಷರ, ಹಲಂತ, ಸ್ವರಚಿಹ್ನೆ ಒಂದೊಂದೂ ಬೇರೆ ಘಟಕ) ಅಲ್ಲಿ ಒಂಬತ್ತು ಅಕ್ಷರಗಳ ಸಂಕೇತವಾಗಿ ಬದಲಾಗುತ್ತದೆ. ಡೇಟಾಬೇಸಿನಲ್ಲಿ ಅದಕ್ಕಿರುವ ಜಾಗ 200 ಅಕ್ಷರ. ಅಂದರೆ ಸುಮಾರು 22 ಘಟಕ. ‘ಕ್ಷ’ ಒಂದೇ ಮೂರು ಘಟಕ ತಿನ್ನುತ್ತದೆ. ‘ಬ್ಯಾಡಗಿ ಮೆಣಸಿನಕಾಯಿ ಇಂದಿನ ಧಾರಣೆ’ ಎಂದು ಶೀರ್ಷಿಕೆ ಕೊಟ್ಟರೆ ‘ಧಾರಣೆ’ಗೆ ಜಾಗವೇ ಉಳಿಯುವುದಿಲ್ಲ. ಉಳಿದದ್ದನ್ನು ವಾಟ್ಸ್ಆ್ಯಪಿನಲ್ಲಿ ಹಂಚಿದರೆ ಶೇಕಡಾ ಚಿಹ್ನೆಗಳ ಉದ್ದನೆಯ ಸರಪಳಿ ಕಾಣುತ್ತದೆ, ರೈತರು ಅದನ್ನು ಒತ್ತಲು ಹೆದರುತ್ತಾರೆ. ಆದ್ದರಿಂದ ವಿಳಾಸವನ್ನು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ, ಚಿಕ್ಕದಾಗಿ ಇಡುವ ವ್ಯವಸ್ಥೆ ಮಾಡಿ. ಧಾರಣೆಯಂಥ ಬರಹಗಳಿಗೆ ದಿನಾಂಕದಿಂದಲೇ ವಿಳಾಸ ತಯಾರಾಗುವಂತೆ ಮಾಡಿಕೊಟ್ಟರೆ ಗುಮಾಸ್ತರು ಅದರ ಗೊಡವೆಗೇ ಹೋಗಬೇಕಾಗಿಲ್ಲ.

ಹುಡುಕಾಟವನ್ನೂ ನೋಡಿ. ವರ್ಡ್‌ಪ್ರೆಸ್‌ನ ಮೂಲ ಹುಡುಕಾಟ ನೀವು ಕೊಟ್ಟ ಅಕ್ಷರಗಳು ಬರಹದಲ್ಲಿ ಎಲ್ಲಾದರೂ ಅದೇ ಕ್ರಮದಲ್ಲಿ ಇವೆಯೇ ಎಂದಷ್ಟೇ ನೋಡುತ್ತದೆ. ಈ ಸರಳತನ ಕನ್ನಡಕ್ಕೆ ಅರ್ಧ ಅನುಕೂಲ. ‘ಬೀಜ’ ಎಂದು ಹುಡುಕಿದರೆ ‘ಬೀಜದ’, ‘ಬೀಜಗಳು’ ಎರಡೂ ಸಿಗುತ್ತವೆ. ‘ಹಣ್ಣು’ ಎಂದು ಹುಡುಕಿದರೆ ‘ಹಣ್ಣಿನ’ ಸಿಗುವುದಿಲ್ಲ, ಕೊನೆಯ ಸ್ವರ ಬದಲಾಗಿದೆ. ಮುಖ್ಯ ಪದಗಳ ಮೂಲ ರೂಪವನ್ನು ಟ್ಯಾಗ್‌ಗಳಲ್ಲಿ ಹಾಕಿಸುವುದು ಸುಲಭದ ಪರಿಹಾರ. ಆದರೆ ಮೂಲ ಹುಡುಕಾಟ ಟ್ಯಾಗ್‌ಗಳನ್ನು ನೋಡುವುದಿಲ್ಲ, ನೋಡುವಂತೆ ನೀವು ಜೋಡಿಸಬೇಕು. ತರಬೇತಿ ಕೇಂದ್ರದವರಿಗೆ ‘ರ‍್ಯಾಂಕ್’ ಪದ ದಿನವೂ ಬೇಕು. ಅದನ್ನು ಕೆಲವರು ‘ರ್ಯಾಂಕ್’ ಎಂದೂ ಟೈಪ್ ಮಾಡುತ್ತಾರೆ. ಎರಡೂ ರೂಪಗಳಲ್ಲಿ ಹುಡುಕಿ ನೋಡಿ, ಎರಡೂ ಸರಿಯಾಗಿ ಮೂಡುತ್ತವೆಯೇ ಎಂದೂ ನೋಡಿ.

ಇನ್ನು ಹಳೆಯ ಬರಹ. ಈ ಭಾಗದ ಸಂಘ, ಸಂಸ್ಥೆ, ಮುದ್ರಣಾಲಯಗಳ ಕಂಪ್ಯೂಟರುಗಳಲ್ಲಿ ‘ನುಡಿ’ ಮತ್ತು ‘ಬರಹ’ ತಂತ್ರಾಂಶಗಳ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳು ರಾಶಿ ರಾಶಿ ಇವೆ. ಅವನ್ನು ನಕಲಿಸಿ ಯಾವ ಸಿಎಂಎಸ್‌ಗೆ ಅಂಟಿಸಿದರೂ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವೇ ಕಾಣುವುದು. ಯೂನಿಕೋಡಿಗೆ ಪರಿವರ್ತಿಸುವ ಉಪಕರಣಗಳು ಉಚಿತವಾಗಿ ಸಿಗುತ್ತವೆ. ಆದರೆ ಪರಿವರ್ತನೆಯ ನಂತರ ಅರ್ಕಾವತ್ತನ್ನು ಕಣ್ಣಿಟ್ಟು ನೋಡಬೇಕು. ಹಳೆಯ ಫಾಂಟಿನಲ್ಲಿ ಅದು ವ್ಯಂಜನದ ನಂತರ ಬರುತ್ತಿತ್ತು, ಯೂನಿಕೋಡಿನಲ್ಲಿ ಮೊದಲು ಬರಬೇಕು. ‘ಕಾರ್ಯ’, ‘ವರ್ಷ’ದಂಥ ಪದಗಳು ಅಲ್ಲೇ ಕೆಡುವುದು. ಈ ಕೆಲಸಕ್ಕೆ ಪ್ರತ್ಯೇಕ ದಿನ, ಪ್ರತ್ಯೇಕ ದರ ಇಡಿ. ಸೈಟ್ ಕಟ್ಟುವ ಮೊತ್ತದೊಳಗೆ ಇದನ್ನು ಸೇರಿಸಿಕೊಂಡರೆ ನೀವೂ ಸೋಲುತ್ತೀರಿ, ಆ ಬರಹವೂ ತಪ್ಪುಗಳ ಜೊತೆಗೇ ಪ್ರಕಟವಾಗುತ್ತದೆ.

ನಿರ್ಧಾರಕ್ಕೆ ಮುನ್ನ ಒಂದು ಗಂಟೆ

ಎರಡು ಸಿಎಂಎಸ್‌ಗಳ ನಡುವೆ ಮನಸ್ಸು ತೂಗಾಡುತ್ತಿದ್ದರೆ ಎರಡನ್ನೂ ಪರೀಕ್ಷೆಗಾಗಿ ಹಾಕಿ, ಗುಮಾಸ್ತರನ್ನು ಅವರದೇ ಫೋನಿನ ಮುಂದೆ ಕೂರಿಸಿ. ಮೂರು ಕೆಲಸ ಕೊಡಿ: ಹೊಸ ಬರಹವೊಂದನ್ನು ಹಾಕುವುದು, ಚಿತ್ರ ಬದಲಿಸುವುದು, ನಿನ್ನೆ ಹಾಕಿದ್ದರಲ್ಲಿ ಒಂದು ತಪ್ಪು ತಿದ್ದುವುದು. ಬಾಯಿ ಬಿಡದೆ ನೋಡಿ. “ಅಕ್ಕಾರೆ, ಈಗ ಯಾವುದನ್ನು ಒತ್ತಬೇಕು?” ಎಂದು ಅವರು ನಿಂತ ಜಾಗವನ್ನು ಗುರುತು ಹಾಕಿಕೊಳ್ಳಿ. ಹೊಸ ಬರಹ ಹಾಕುವುದನ್ನು ಎಲ್ಲರೂ ಬೇಗ ಕಲಿಯುತ್ತಾರೆ. ಹಳೆಯದನ್ನು ಹುಡುಕಿ ತಿದ್ದುವಲ್ಲಿ ಹೆಚ್ಚಿನವರು ನಿಲ್ಲುತ್ತಾರೆ, ಸಿಎಂಎಸ್‌ನ ಗುಣ ಗೊತ್ತಾಗುವುದು ಅಲ್ಲಿಯೇ. ಫೋನಿನಿಂದ ತೆಗೆದ ದೊಡ್ಡ ಚಿತ್ರಗಳನ್ನೇ ಹಾಕಿಸಿ ನೋಡಿ. ವರ್ಡ್‌ಪ್ರೆಸ್ 2019ರ ನವೆಂಬರಿನ 5.3ನೇ ಆವೃತ್ತಿಯಿಂದ 2560 ಪಿಕ್ಸೆಲ್‌ಗಿಂತ ದೊಡ್ಡ ಚಿತ್ರಗಳನ್ನು ತಾನೇ ಕುಗ್ಗಿಸುತ್ತದೆ. ಎಲ್ಲ ತಂತ್ರಾಂಶಗಳೂ ಹಾಗೆ ಮಾಡುವುದಿಲ್ಲ.

ಐದು ವರ್ಷದ ಆಯಸ್ಸು

ವರ್ಡ್‌ಪ್ರೆಸ್ 2003ರ ಮೇ ತಿಂಗಳಿನಿಂದ ಇದೆ. ಜಗತ್ತಿನ ಹತ್ತು ಜಾಲತಾಣಗಳಲ್ಲಿ ನಾಲ್ಕಕ್ಕಿಂತ ಹೆಚ್ಚು ಅದರ ಮೇಲೆ ನಡೆಯುತ್ತವೆ. ನನ್ನ ಮಟ್ಟಿಗೆ ಇದರ ಅರ್ಥ ಒಂದೇ: ನಾನಿಲ್ಲದಿದ್ದರೂ ಗ್ರಾಹಕರಿಗೆ ಇನ್ನೊಬ್ಬರು ಸಿಗುತ್ತಾರೆ. ಆದರೆ ಅಪಾಯವೂ ಅಲ್ಲಿಯೇ ಇದೆ. ದಾಳಿ ಮಾಡುವವರಿಗೂ ಅದೇ ದೊಡ್ಡ ಗುರಿ, ದೋಷಗಳು ಹೆಚ್ಚಾಗಿ ಕಂಡುಬರುವುದು ಪ್ಲಗಿನ್‌ಗಳಲ್ಲಿ. ಪ್ಲಗಿನ್ ಹಾಕುವ ಮುನ್ನ ಅದರ ಕೊನೆಯ ಅಪ್‌ಡೇಟ್ ಯಾವಾಗ, ಯಾರ ಕೈಯಲ್ಲಿದೆ ಎಂದು ನೋಡಿ. ಖಾನೆಗಳನ್ನು ಮಾಡಲು ಬಹಳ ಜನ ನಂಬಿದ್ದ ಎಸಿಎಫ್ ಪ್ಲಗಿನ್ನಿನ ಪುಟವನ್ನು 2024ರ ಅಕ್ಟೋಬರಿನಲ್ಲಿ, ವಿವಾದವೊಂದರ ನಡುವೆ, ವರ್ಡ್‌ಪ್ರೆಸ್‌ನ ಅಧಿಕೃತ ಸಂಗ್ರಹದವರು ತಮ್ಮ ವಶಕ್ಕೆ ತೆಗೆದುಕೊಂಡು ಬೇರೆ ಹೆಸರಿಟ್ಟರು. ಸೈಟುಗಳು ಕೆಟ್ಟು ನಿಲ್ಲಲಿಲ್ಲ, ಆದರೆ ಪ್ಲಗಿನ್ ಮೇಲೆ ನಿಂತ ಕೆಲಸ ಎಷ್ಟು ಪರಾವಲಂಬಿ ಎಂಬುದು ಎಲ್ಲರಿಗೂ ಕಂಡಿತು. ಪ್ಲಗಿನ್‌ಗಳ ಸಂಖ್ಯೆ ಹತ್ತನ್ನು ದಾಟದಂತೆ ನೋಡಿಕೊಳ್ಳಿ. ಹಣ ಕೊಡಬೇಕಾದ ಥೀಮನ್ನು ಎಲ್ಲಿಂದಲೋ ಉಚಿತವಾಗಿ ಇಳಿಸಿ ಗ್ರಾಹಕರ ಸೈಟಿಗೆ ಹಾಕುವುದು ಅವರ ಮನೆಯ ಕೀಲಿಕೈಯನ್ನು ಕಳ್ಳನಿಗೆ ಕೊಟ್ಟಂತೆ. ಅಂಥ ಥೀಮ್‌ಗಳೊಳಗೆ ದುಷ್ಟ ಕೋಡ್ ಅಡಗಿಸಿಡುವುದು ಹಳೆಯ ದಂಧೆ.

ಅಪ್‌ಡೇಟಿನ ವಿಷಯದಲ್ಲಿ 2014ರ ಅಕ್ಟೋಬರನ್ನು ಗ್ರಾಹಕರಿಗೆ ಹೇಳುತ್ತೇನೆ. ಡ್ರುಪಲ್ 7ರಲ್ಲಿ ದೊಡ್ಡ ಭದ್ರತಾ ದೋಷವೊಂದಕ್ಕೆ ಪರಿಹಾರ ಪ್ರಕಟವಾಯಿತು. ಪ್ರಕಟವಾದ ಏಳು ಗಂಟೆಯೊಳಗೆ ಅದನ್ನು ಹಾಕಿಕೊಳ್ಳದ ಸೈಟುಗಳು ದಾಳಿಗೆ ಒಳಗಾಗಿವೆ ಎಂದೇ ತಿಳಿಯಿರಿ ಎಂದು ಡ್ರುಪಲ್‌ನ ಭದ್ರತಾ ತಂಡ ನಂತರ ಎಚ್ಚರಿಸಿತು. ಏಳು ಗಂಟೆ! ವರ್ಷಕ್ಕೊಮ್ಮೆ ನೋಡಿಕೊಂಡರೆ ಸಾಕು ಎನ್ನುವವರಿಗೆ ಇದಕ್ಕಿಂತ ಸ್ಪಷ್ಟವಾಗಿ ಹೇಳಲು ನನಗೆ ಬರುವುದಿಲ್ಲ. ಅದೇ ಡ್ರುಪಲ್ 7ರ ಬೆಂಬಲ 2025ರ ಜನವರಿ 5ಕ್ಕೆ ಮುಗಿಯಿತು, ಮುಂದಿನ ಆವೃತ್ತಿಗೆ ಹೋಗಬೇಕೆಂದರೆ ಸೈಟನ್ನು ಬಹುಪಾಲು ಹೊಸದಾಗಿಯೇ ಕಟ್ಟಬೇಕು. ಯಾವ ಸಿಎಂಎಸ್ ಆದರೂ ಈ ಆವೃತ್ತಿಯ ಬೆಂಬಲ ಎಲ್ಲಿಯವರೆಗೆ, ಮುಂದಿನದಕ್ಕೆ ದಾರಿ ಹೇಗೆ ಎಂದು ಮೊದಲೇ ಓದಿಕೊಳ್ಳಿ. ಸೈಟಿಗೆ ಸರ್ವರ್ ಕೊಡುವ ಹೋಸ್ಟಿಂಗ್ ಕಂಪನಿಯ ಪಿಎಚ್‌ಪಿ ಆವೃತ್ತಿಯನ್ನೂ ನೋಡಿ. 7.4ರ ಬೆಂಬಲ 2022ರ ನವೆಂಬರಿನಲ್ಲೇ ಮುಗಿದಿದೆ.

ಬಿಟ್ಟು ಹೊರಡುವ ದಾರಿಯನ್ನು ಸೇರುವ ಮುನ್ನವೇ ನೋಡಬೇಕು. ವಿಕ್ಸ್ ಎಂಬ ಸೈಟ್ ಕಟ್ಟುವ ಸೇವೆಯಲ್ಲಿ ಕಟ್ಟಿದ ಸೈಟನ್ನು ಎತ್ತಿ ಬೇರೆ ಹೋಸ್ಟಿಂಗಿಗೆ ಒಯ್ಯಲು ಆಗುವುದಿಲ್ಲ. ವರ್ಡ್‌ಪ್ರೆಸ್‌ನಲ್ಲೂ ಕೆಲವು ಪೇಜ್ ಬಿಲ್ಡರ್‌ಗಳನ್ನು (ಪುಟವನ್ನು ಎಳೆದು ಜೋಡಿಸುವ ಪ್ಲಗಿನ್‌ಗಳನ್ನು) ತೆಗೆದ ದಿನ ಬರಹದ ತುಂಬ ಚೌಕ ಆವರಣಗಳ ಸಂಕೇತಗಳು ಉಳಿಯುತ್ತವೆ. ಪರೀಕ್ಷಾ ಸೈಟಿನಲ್ಲಿ ಬಿಲ್ಡರನ್ನು ನಿಷ್ಕ್ರಿಯಗೊಳಿಸಿ, ಪುಟ ಇನ್ನೂ ಓದುವಂತಿದೆಯೇ ಎಂದು ಒಮ್ಮೆ ನೋಡಿದರೆ ಸಾಕು, ಇಟ್ಟುಕೊಳ್ಳಬೇಕೋ ಬೇಡವೋ ತಿಳಿಯುತ್ತದೆ. ನಾನು ವರ್ಡ್‌ಪ್ರೆಸ್‌ನದೇ ಬ್ಲಾಕ್ ಸಂಪಾದಕದಲ್ಲಿ ಉಳಿಯುತ್ತೇನೆ.

ಒಪ್ಪಿಸುವಾಗ

ಹಾವೇರಿಯ ಒಬ್ಬ ವ್ಯಾಪಾರಿಯ ಡೊಮೇನ್ (ಸೈಟಿನ ವಿಳಾಸದ ಹೆಸರು) ಹಿಂದಿನ ಡೆವಲಪರ್ ಒಬ್ಬರ ಹೆಸರಿನಲ್ಲಿತ್ತು. ಅವರು ಫೋನ್ ಎತ್ತುವುದನ್ನು ನಿಲ್ಲಿಸಿದರು, ನವೀಕರಣದ ದಿನ ದಾಟಿತು, ಫಲಕದ ಮೇಲೆ, ಬಿಲ್ಲಿನ ಮೇಲೆ, ಚೀಲದ ಮೇಲೆ ಅಚ್ಚು ಹಾಕಿಸಿದ್ದ ವಿಳಾಸ ಬೇರೆಯವರ ಪಾಲಾಯಿತು. ಸಿಎಂಎಸ್ ಎಷ್ಟು ಒಳ್ಳೆಯದಿದ್ದರೂ ಇದನ್ನು ತಡೆಯಲಾರದು. ಡೊಮೇನ್, ಹೋಸ್ಟಿಂಗ್, ಥೀಮಿನ ಪರವಾನಗಿ ಎಲ್ಲವೂ ಗ್ರಾಹಕರ ಹೆಸರಿನಲ್ಲಿ, ಅವರ ಇಮೇಲಿನಲ್ಲಿ, ಅವರ ಮೊಬೈಲ್ ಸಂಖ್ಯೆಯಲ್ಲಿ ಇರಲಿ. ನಿಮಗೆ ಬೇಕಾದುದು ಕೆಲಸದ ಲಾಗಿನ್ ಮಾತ್ರ.

ದರಪಟ್ಟಿಯಲ್ಲಿ ಕಟ್ಟುವ ಮೊತ್ತ, ವಾರ್ಷಿಕ ನಿರ್ವಹಣೆ, ಬರಹ ಪರಿವರ್ತನೆ ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ನಿರ್ವಹಣೆ ಬೇಡ ಎನ್ನುವವರಿಗೆ ವರ್ಡ್‌ಪ್ರೆಸ್ ಕೊಡದೆ ಸ್ಥಿರ ಪುಟಗಳನ್ನೇ ಕೊಡಿ. ಬ್ಯಾಕಪ್ ಇದೆ ಎಂದು ಹೇಳಿ ಬಿಡಬೇಡಿ, ಗ್ರಾಹಕರ ಎದುರಿನಲ್ಲೇ ಅದನ್ನು ಬೇರೆ ಕಡೆ ತೆರೆದು ಸೈಟ್ ಮೂಡುವುದನ್ನು ತೋರಿಸಿ. ಗುಮಾಸ್ತರಿಗೆ ಎರಡು ಪುಟದ ಕೈಪಿಡಿಯನ್ನು ಕನ್ನಡದಲ್ಲಿ, ಅವರದೇ ಸೈಟಿನ ಚಿತ್ರಗಳೊಂದಿಗೆ ಅಚ್ಚು ಹಾಕಿಸಿ ಕೊಡಿ. ಪಿಡಿಎಫ್ ಕಳುಹಿಸಿದರೆ ಅದು ವಾಟ್ಸ್ಆ್ಯಪಿನಲ್ಲಿ ಹೂತುಹೋಗುತ್ತದೆ. ಕೊನೆಗೆ, ಡೊಮೇನ್ ನವೀಕರಣದ ಸೂಚನೆ ಬರುವ ಇಮೇಲ್ ಮಾಲೀಕರ ಫೋನಿನಲ್ಲಿ ತೆರೆದುಕೊಳ್ಳುತ್ತದೆಯೇ ಎಂದು ಅಲ್ಲೇ ನಿಂತು ನೋಡಿಕೊಂಡು ಹೊರಡಿ.